ಸುಳಿ ತೋರಿಸಲು ಬಂದವನು

ಹೊಸ್ತಿಲ ಮುಂದೆ ಚಪ್ಪಲಿ ಸದ್ದಾದರೆ ಸಾಕು, ಸುಂದ್ರವ್ವನ ದನಿ ತಾನಾಗಿಯೇ ಏಳುತ್ತಿತ್ತು. ಜರ್ಮನಿಯ ಯುದ್ಧ ಸುರುವಾದ ವರ್ಷ ಅದು. ಅಪ್ಪ ಪರಪ್ಪ ತೀರಿಕೊಂಡು ಇಪ್ಪತ್ಮೂರು ದಿನವಾಗಿತ್ತು. ಅಷ್ಟೂ ದಿನ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಜನ ಮಾತನಾಡಿಸಲು ಬಂದದ್ದೇ ಬಂದದ್ದು. ಬಂದವರು ಹೊಸ್ತಿಲಲ್ಲಿ ನಿಲ್ಲಬೇಕು, ಮನೆಯ ಹೆಣ್ಣುಮಕ್ಕಳು ಸತ್ತವರನ್ನು ಕರೆಕರೆದು ದನಿ ತೆಗೆದು ಅಳಬೇಕು, ಆಮೇಲೆ ಅವರು ಒಳಗೆ ಕಾಲಿಡಬೇಕು. ಆ ಓಣಿಯ ರಿವಾಜು ಅದು. ಅವ್ವ ಕೆಂಪವ್ವ ಎರಡನೇ ವಾರಕ್ಕೇ ದನಿ ಬಿದ್ದು ಹಾಸಿಗೆ ಹಿಡಿದಳು. ಉಳಿದ ಅಳುವೆಲ್ಲ ಒಬ್ಬಳೇ ಮಗಳ ಪಾಲಿಗೆ ಬಂತು.

ಅತ್ತೂ ಅತ್ತೂ ಹುಡುಗಿಗೆ ಸಾಕಾಗಿ ಹೋಗಿತ್ತು. ಸುಳ್ಳು ಯಾಕೆ ಹೇಳಬೇಕು, ಬಾಯಿ ಅಳುತ್ತಿತ್ತು, ಕಣ್ಣಲ್ಲಿ ಒಂದು ಹನಿ ಇರುತ್ತಿರಲಿಲ್ಲ. ಒಂದು ಗಳಿಗೆ ಸುಮ್ಮನೆ ಕೂತು ಅಪ್ಪನನ್ನು ನೆನೆಯೋಣವೆಂದರೆ ಪುರುಸೊತ್ತು ಎಲ್ಲಿತ್ತು? ಅಷ್ಟರಲ್ಲಿ ಇನ್ನೊಂದು ಚಕ್ಕಡಿ ಬಂದು ನಿಲ್ಲುತ್ತಿತ್ತು.

ಆ ಮಧ್ಯಾಹ್ನವೂ ಸದ್ದಾಯಿತು. ಕೈಯಲ್ಲಿದ್ದ ಮೊರ ಬಿಟ್ಟು ಬಾಗಿಲಿಗೆ ಬಂದು, ಬಂದವರ ಮುಖವನ್ನೂ ನೋಡದೆ ಸುರು ಮಾಡಿದಳು.

“ಎಪ್ಪಾ, ನಿನ್ನ ನೋಡಾಕ ಬಂದಾರಲ್ಲೋ ನಮ್ಮಪ್ಪಾ! ಬರ್ರಿ ಕುಂಡ್ರಿ ಅನ್ನೋ ನಮ್ಮಪ್ಪಾ!”

ಎದುರಿಗಿದ್ದವನು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದ. ಅವನ ಹಿಂದಿದ್ದ ಎತ್ತೂ ಸರಿಯಿತು.

ಎತ್ತು! ಮಾತನಾಡಿಸಲು ಬರುವವರು ಹೊಸ್ತಿಲ ತನಕ ಎತ್ತು ಹಿಡಿದುಕೊಂಡು ಬರುತ್ತಾರೆಯೇ?

“ಪರಪ್ಪ ಕಾಕಾರ ಮನಿ ಇದ ಹೌದಲ್ರಿ?” ಎಂದ ಅವನು. “ನಾ ಧುಪದಾಳದ ಅಪ್ಪಣ್ಣ. ಎತ್ತಿನ ಸುಳಿ ತೋರ್ಸಾಕ ಬಂದಿದ್ನಿ. ಏನಾತ್ರಿ?”

ಎತ್ತಿನ ಮೈಮೇಲಿನ ಕೂದಲ ಸುಳಿ ನೋಡಿ, ಅದು ಮನೆಗೆ ಆಗಿಬರುತ್ತದೋ ಇಲ್ಲವೋ ಹೇಳುವುದರಲ್ಲಿ ಪರಪ್ಪ ಸುತ್ತ ಹತ್ತೂರಿಗೆ ಹೆಸರಾದವನು. ಅವನು ಹೂಂ ಅನ್ನದೆ ಅವನೂರು ಕಲ್ಲೋಳಿಯಲ್ಲಿ ಯಾರೂ ಎತ್ತು ಕೊಳ್ಳುತ್ತಿರಲಿಲ್ಲ. ಈ ಮನುಷ್ಯನಿಗೆ ಸಾವಿನ ಸುದ್ದಿಯೇ ಮುಟ್ಟಿಲ್ಲ! ಇವನ ಮುಂದೆ ತಾನು ಅಷ್ಟುದ್ದ ರಾಗ ಎಳೆದೆನಲ್ಲ ಎಂದು ಸುಂದ್ರವ್ವನಿಗೆ ನಗು ಬಂದುಬಿಟ್ಟಿತು. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಸಾವಿನ ಮನೆಯಲ್ಲಿ ನಗು! ಬಾಜೂ ಮನೆಯ ಲಕ್ಕವ್ವ ಕೇಳಿಸಿಕೊಂಡರೆ ಊರಿಗೆಲ್ಲ ಡಂಗುರವೇ ಸೈ.

“ನಮ್ಮಪ್ಪ ಹೋಗಿ ಇಪ್ಪತ್ಮೂರ ದಿನಾ ಆತ್ರಿ,” ಎಂದಳು, ನಗು ನುಂಗಿಕೊಂಡು.

ಅವನ ಮುಖ ಸಣ್ಣದಾಯಿತು. “ಖರೇನ ಗೊತ್ತಿರಲಿಲ್ರಿ. ನಮ್ಮಪ್ಪನೂ ಇಲ್ಲೇ ತೋರ್ಸಾಕ ಬರ್ತಿದ್ದ. ಅವನೂ ಹೋಗಿ ಎರಡ ವರ್ಷಾತು. ತಪ್ಪಾತ್ರಿ.” ಹಗ್ಗ ಎಳೆದು ಎತ್ತನ್ನು ತಿರುಗಿಸಿದ.

“ನಿಲ್ರಿ. ನಾಕ ಹರದಾರಿ ನಡದ ಬಂದೀರಿ. ನಾ ನೋಡ್ತೇನಿ.”

“ನೀವೇನ್ರಿ?”

“ಯಾಕ, ಹೆಣ್ಮಕ್ಕಳ ಕೈಗೆ ಸುಳಿ ಸಿಗಂಗಿಲ್ಲೇನು?”

“ಹಂಗಲ್ರಿ. ಎತ್ತ ಹಾಯತೈತಿ.”

“ನೀವ ಹಾಯದಿದ್ರ ಸಾಕು,” ಎಂದಳು ಸುಂದ್ರವ್ವ.

ಅವನ ಮೀಸೆಯಡಿ ನಗು ಮೂಡಿತು. ಅದನ್ನು ಅಡಗಿಸಲು ಎತ್ತಿನ ಕೊಂಬು ನೋಡತೊಡಗಿದ. ಕೊಂಬಿನಿಂದ ಕಣ್ಣು ಮೆಲ್ಲಗೆ ಅವಳ ಕೈಗೆ ಜಾರಿತು, ಕೈಯಿಂದ ಹಣೆಯ ವಿಭೂತಿಗೆ ಏರಿತು, ಅಲ್ಲಿ ಸಿಕ್ಕಿಬಿದ್ದು ಮತ್ತೆ ಕೊಂಬಿಗೆ ಓಡಿತು. ಅವಳಿಗೆಲ್ಲ ಕಾಣುತ್ತಿತ್ತು. ಕಂಡರೂ ಕಾಣದವಳಂತೆ ಎತ್ತಿನ ತುಟಿ ಎತ್ತಿ ಹಲ್ಲು ನೋಡಿದಳು, ಹಣೆ ಸವರಿದಳು, ಹೆಗಲ ಮೇಲೆ ಎದ್ದ ಹಿಣಿಲಿನ ಹಿಂದೆ ಬೆರಳಾಡಿಸಿದಳು.

“ಎರಡ ಹಲ್ಲ ಐತಿ, ಎಳೀದು. ಬೆನ್ನಿನ ಸುಳಿ ನೆಟ್ಟಗೈತಿ. ಆಗಿಬರತೈತ್ರಿ. ಹೌದಲ್ಲಪ್ಪಾ?”

ಕೇಳಿ, ರೂಢಿಯಂತೆ ಕಟ್ಟೆಯ ಕಡೆ ತಿರುಗಿದಳು. ಹತ್ತು ವರ್ಷದವಳಿದ್ದಾಗಿನಿಂದ ಅವಳು ಕೈಯಾಡಿಸಿ ಹೇಳುವುದು, ಅಪ್ಪ ಅಲ್ಲಿ ಕೂತು ತಲೆಯಾಡಿಸುವುದು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ.

ಆಗ ಬಂತು ನೋಡಿ ಅಳು. ರಾಗವಿಲ್ಲ, ಮಾತಿಲ್ಲ. ಎತ್ತಿನ ಬೆನ್ನಿನ ಮೇಲೆ ಹಣೆ ಇಟ್ಟು ಅತ್ತಳು, ಮೈಯೆಲ್ಲ ಅದುರುವಂತೆ ಅತ್ತಳು. ಅಪ್ಪಣ್ಣ ಸುಮ್ಮನಾಗ್ರಿ ಎನ್ನಲಿಲ್ಲ. ಶಿವಾ ಕರಕೊಂಡಾ, ಏನ್ ಮಾಡೂದು ಎನ್ನಲಿಲ್ಲ. ಎತ್ತು ಅಲುಗದಂತೆ ಹಗ್ಗ ಬಿಗಿ ಹಿಡಿದು, ಮುಖ ಆಚೆ ತಿರುಗಿಸಿ, ಅವಳ ಅಳು ಮುಗಿಯುವ ತನಕ ಬಿಸಿಲಲ್ಲಿ ನಿಂತ. ಮುಗಿದ ಮೇಲೆ, “ಎತ್ತಿಗೆ ಒಂದೀಟ ನೀರ ಸಿಗತೈತೇನ್ರಿ?” ಎಂದ, ಅಷ್ಟೇ.

ಸುಂದ್ರವ್ವನ ಮನಸ್ಸು ಅಲ್ಲೇ, ಆ ನೀರಿನ ಮಾತಿಗೇ ಹೋಯಿತು.

ಮುಂದಿನ ವಾರ ಅವನು ಇನ್ನೊಂದು ಎತ್ತು ತಂದ. ಅದರ ಮುಂದಿನ ವಾರ ಮೊದಲನೆಯದನ್ನೇ ಮತ್ತೆ ತಂದ. ಅವಳ ಕಾಕಾ ಗುರುಲಿಂಗಪ್ಪ ಎಲೆ ಅಡಿಕೆ ಮೆಲ್ಲುತ್ತ ಕೇಳಿದ: “ಏನೋ ತಮ್ಮಾ, ನಿಮ್ಮ ಧುಪದಾಳದಾಗ ಸುಳಿ ವಾರಕ್ಕೊಮ್ಮೆ ಜಾಗಾ ಬದಲಿ ಮಾಡ್ತಾವೇನು?”

“ಖಾತ್ರಿ ಮಾಡ್ಕೊಳ್ಳಾಕ್ರಿ,” ಎಂದ ಅಪ್ಪಣ್ಣ. ಕಿವಿ ಕೆಂಪಾಗಿದ್ದವು. ಸುಂದ್ರವ್ವ ಎತ್ತಿನ ಮರೆಗೆ ಹೋಗಿ ನಕ್ಕಳು.

ಆದರೆ ಕಾಕಾನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ತಂದೆ ಹೋದ ಮನೆಯಲ್ಲಿ ವರ್ಷದೊಳಗೆ ಲಗ್ನ ಮಾಡಬೇಕು, ತಪ್ಪಿದರೆ ಮೂರು ವರ್ಷ ಮಾಡುವಂತಿಲ್ಲ. ಹುಡುಗಿಗೆ ಆಗಲೇ ಇಪ್ಪತ್ತು. ಅವನು ಅವಸರ ಮಾಡಿ ಯಮಕನಮರಡಿಯ ಒಂದು ಮನೆತನ ನೋಡಿದ್ದ. ಕೇಳಿದಾಗ ಸುಂದ್ರವ್ವ, “ನಿಮಗ ತಿಳದಂಗ ಮಾಡ್ರಿ,” ಎಂದಿದ್ದಳು. ಮನಸ್ಸಿದ್ದು ಅಂದದ್ದಲ್ಲ. ಒಲ್ಲೆ ಅನ್ನಲೂ ಮೈಯಲ್ಲಿ ಕಸುವು ಬೇಕಲ್ಲ! ಹೀಗೇ ಬಿಟ್ಟರೆ ಈ ದಣಿವಿನಲ್ಲೇ ಯಾರದೋ ಮನೆಯ ಸೊಸೆಯಾಗಿ ಹೋಗುತ್ತೇನೆ, ಅಪ್ಪನ ದುಃಖವೂ ನನ್ನದಾಗಿ ಉಳಿಯುವುದಿಲ್ಲ, ಅಪ್ಪಣ್ಣನೂ ಸಿಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಸೋಮವಾರ ಯಮಕನಮರಡಿಯವರು ಬಂದರು. ಹೆಣ್ಣು ನೋಡಲು ಬಂದವರೇನೋ ಹೌದು, ಆದರೆ ಪರಪ್ಪ ಹೋದ ಮೇಲೆ ಈ ಮನೆಗೆ ಮೊದಲ ಸಲ ಬಂದವರು. ಅದಕ್ಕೇ ಹೊಸ್ತಿಲಲ್ಲಿ ನಿಂತರು. ಲಕ್ಕವ್ವ ದನಿಗೂಡಿಸಲು ಸೆರಗು ಸಿದ್ಧ ಮಾಡಿಕೊಂಡಳು. ಕಾಕಾ ಕಣ್ಸನ್ನೆ ಮಾಡಿದ. ಎಲ್ಲರೂ ಸುಂದ್ರವ್ವನ ಬಾಯಿ ನೋಡುತ್ತ ನಿಂತರು.

ಸುಂದ್ರವ್ವ ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡಳು.

“ಒಳಗ ಬರ್ರಿ,” ಎಂದಳು. “ನಾ ಅಳಂಗಿಲ್ರಿ.”

ಹುಡುಗನ ತಾಯಿ ಮೂಗಿನ ಮೇಲೆ ಬೆರಳಿಟ್ಟಳು. “ಶಿವಶಿವಾ! ಹಡದಪ್ಪಗ ಅಳದಾಕಿ ನಾಳೆ ನಮಗೇನ ಅತ್ತಾಳ?” ಎಂದು ಮಗನನ್ನು ಎಳೆದುಕೊಂಡು ಚಕ್ಕಡಿ ಹತ್ತಿಯೇ ಬಿಟ್ಟಳು.

“ಮರ್ಯಾದಿ ಮಣ್ಣಪಾಲ ಮಾಡಿದೆಲ್ಲ!” ಕಾಕಾ ಕೂಗಾಡಿದ.

“ದಣದೇನಿ ಕಾಕಾ,” ಎಂದಳು ಸುಂದ್ರವ್ವ. “ಊರ ಮಂದಿಗೆ ಅತ್ತ ಅತ್ತ ದಣದೇನಿ. ಇನ್ನ ನಮ್ಮಪ್ಪಗ ಅಂತ ಅಳತೇನಿ, ನನಗ ಬಂದಾಗ. ಲಗ್ನಾ ಆದ್ರ ಧುಪದಾಳದ ಅಪ್ಪಣ್ಣನ್ನ ಆಗತೇನಿ. ಅದೂ ಈಗಲ್ಲ. ಮೂರ ವರ್ಷ ಹೋಗಲಿ.”

“ಹುಚ್ಚಿ! ಯಾವ ಗಂಡಸ ಮೂರ ವರ್ಷ ತಡೀತಾನ?”

ಮೂರು ದಿನ ಆ ಮಾತನ್ನೇ ತಲೆಯಲ್ಲಿಟ್ಟುಕೊಂಡು ಧುಪದಾಳದ ದಾರಿ ನೋಡಿದಳು.

ಗುರುವಾರ ಅಪ್ಪಣ್ಣ ಬಂದ. ಸುಂದ್ರವ್ವ ನೀರಿನ ತಂಬಿಗೆ ಹಿಡಿದು, ಅವನ ಕಾಲ ಧೂಳನ್ನೇ ನೋಡುತ್ತ ಎಲ್ಲವನ್ನೂ ಹೇಳಿದಳು. ಕೊನೆಗೆ, “ನಾ ಈಗ ಯಾರ ಮನೀನೂ ಬೆಳಗೂ ಹಂಗಿಲ್ರಿ. ಮೂರ ವರ್ಷ ತಡೀತೀರೇನು?” ಎಂದಳು.

“ತಡೀತೇನಿ.”

“ಅಷ್ಟ ಲಗೂ ಹೇಳಬ್ಯಾಡ್ರಿ! ವಿಚಾರ ಮಾಡ್ರಿ. ನಿಮ್ಮ ಮನ್ಯಾಗ ಏನಂತಾರ?”

“ನಮ್ಮವ್ವ ಇನ್ನೂ ನಮ್ಮಪ್ಪನ ಪಾಲಿನ ರೊಟ್ಟಿನೂ ಬಡೀತಾಳ್ರಿ,” ಎಂದ ಅವನು ನಿಧಾನವಾಗಿ. “ಎರಡ ವರ್ಷಾತು. ಬಡದ ಮ್ಯಾಲ ನೆನಪಾಗಿ ಸುಮ್ನ ಕುಂಡ್ರತಾಳ. ಇದಕ್ಕ ಎಷ್ಟ ದಿನಾ ಹಿಡಿತೈತಿ ಅಂತ ನಮ್ಮ ಮನ್ಯಾಗ ಎಲ್ಲಾರಿಗೂ ಗೊತ್ತೈತಿ. ಮೂರ ಸಾಲದಿದ್ರ ನಾಕ ಆಗಲಿ.”

ಅವಳು ಮುಖ ಎತ್ತಿದಳು. ಈ ಸಲ ಅವನ ಕಣ್ಣು ಎಲ್ಲಿಗೂ ಓಡಲಿಲ್ಲ. ತಂಬಿಗೆ ಈಸಿಕೊಳ್ಳುವಾಗ ಬೆರಳಿಗೆ ಬೆರಳು ತಾಗಿತು, ಇಬ್ಬರೂ ಬಿಡುವ ಅವಸರ ಮಾಡಲಿಲ್ಲ.

ಒಳಗಿನಿಂದ ಕೆಂಪವ್ವನ ಒಡೆದ ದನಿ ಕೇಳಿತು. “ಯಾರವಾ ಬಂದವ್ರು?”

“ನನ್ನ ಕರಕೊಂಡ ಹೋಗವ್ರು ಬಂದಾರ ಬೇ,” ಎಂದಳು ಸುಂದ್ರವ್ವ. “ಅವಸರಿಲ್ಲಂತ.”