ಕ್ಯಾಲಿಪರ್ ಮೇಲಿನ ಕೆಂಪು ಚುಕ್ಕೆ

ಇದು ತುಕ್ಕಲ್ಲ. ತುಕ್ಕಿಗೆ ಇಷ್ಟು ಹೊಳಪು ಎಲ್ಲಿಂದ ಬರಬೇಕು? ರಕ್ತವೇ? ತನ್ನ ಕೈ ಎಲ್ಲೂ ಕೊಯ್ದಿಲ್ಲ. ಅವನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದ.

ನೇಲ್ ಪಾಲಿಶ್.

ತೊಳೆದು, ಹೊಸ ಪಿಸ್ಟನ್ನು, ಹೊಸ ಸೀಲು ಕೂರಿಸಿ ಮೇಜಿನ ಮೇಲಿಟ್ಟಿದ್ದ, ಚಕ್ರದ ತಟ್ಟೆಯನ್ನು ಇಕ್ಕಳದಂತೆ ಹಿಡಿದು ನಿಲ್ಲಿಸುವ ಎರಡು ಬ್ರೇಕ್ ಕ್ಯಾಲಿಪರ್‌ಗಳ ಹಿಂಬದಿಯಲ್ಲಿ, ಸುಲಭಕ್ಕೆ ಕಣ್ಣಿಗೆ ಬೀಳದ ಜಾಗದಲ್ಲಿ, ಸಾಸಿವೆ ಕಾಳಿನಷ್ಟು ಒಂದೊಂದು ಚುಕ್ಕೆ. ಯಾರ ಬಣ್ಣವೆಂದು ಕೇಳುವ ಅಗತ್ಯವಿರಲಿಲ್ಲ. ಆದರೂ ಕೇಳಿದ.

"ಚಿಕ್ಕಪ್ಪ, ಯಾರಾದ್ರೂ ಬಂದಿದ್ರಾ?"

"ಇನ್ಯಾರು ಬರ್ತಾರೆ? ಸಿಸ್ಟರ್ ಬಂದಿದ್ರು." ಚಿಕ್ಕಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಗ್ಯಾರೇಜನ್ನು ಇವನಿಗೆ ಬಿಟ್ಟುಕೊಟ್ಟ ಮೇಲೆ ಬಾಗಿಲ ಬಳಿಯ ಕುರ್ಚಿಯೇ ಅವರ ಆಫೀಸು. "ನೀನು ಬ್ರೇಕ್ ಆಯಿಲ್ ತರೋಕೆ ಹೋದೆಯಲ್ಲ, ಆಗ. ಎರಡನ್ನೂ ಎತ್ಕೊಂಡು ತಿರುಗಿಸಿ ತಿರುಗಿಸಿ ನೋಡಿದ್ರು, ಹುಟ್ಟಿದ ಮಗು ನೋಡೋ ಹಾಗೆ. ಅಲ್ಲ ಕಣೋ, ನರ್ಸಮ್ಮನ್ನ ಊರೆಲ್ಲ ಸಿಸ್ಟರ್ ಅನ್ನುತ್ತೆ. ನೀನೊಬ್ಬ ಮಾತ್ರ ಮೇಡಂ ಅಂತೀಯ. ಯಾಕೆ?"

"ಕೆಲಸ ಇದೆ ಚಿಕ್ಕಪ್ಪ."

"ಇರಲಿ ಇರಲಿ. ನಂಗೇನೂ ಅರ್ಥ ಆಗಲ್ಲ."

ಅವಳು ಮಂಗಳವಾರ ಬಂದಿದ್ದಳು. ಕಾರಿಗೆ ಅವನಿಗಿಂತ ಎರಡೇ ವರ್ಷ ಕಡಿಮೆ ವಯಸ್ಸು. ಎಡ ಮುಂಚಕ್ರದಿಂದ ಸುಟ್ಟ ವಾಸನೆ ಬರುತ್ತಿತ್ತು. ಪಿಸ್ಟನ್ ತುಕ್ಕು ಹಿಡಿದು ಜಾಮ್ ಆಗಿ, ಬ್ರೇಕು ಹಿಡಿದದ್ದು ಬಿಡುತ್ತಿರಲಿಲ್ಲ.

"ಹಳೇ ಗ್ಯಾರೇಜಿನವರು ಹೊಸದು ಅಂದ್ರು, ಬೆಳ್ಳಿ ಬಣ್ಣ ಬಳಿದ ಹಳೇದನ್ನ ಹಾಕಿದ್ರು," ಎಂದಿದ್ದಳು ಕೈಕಟ್ಟಿ ನಿಂತು. "ಎದ್ದು ಓಡಾಡೋಕೆ ಆಗದವರ ಮನೆಗಳಿಗೆ ಹೋಗೋಳು ನಾನು, ದಿನಕ್ಕೆ ಎಂಟು ಮನೆ. ಹೋದ ವಾರ ಬ್ರೇಕ್ ಹಾಕಿದ್ರೆ ಕಾರು ಒಂದೇ ಕಡೆ ಎಳ್ಕೊಂಡು ಹೋಗಿ ಗೋಡೆಗೆ ಒರಗಿತು. ಶನಿವಾರ ಸಂಜೆವರೆಗೆ ನೋಡ್ತೀನಿ. ಆಗಲಿಲ್ಲ ಅಂದ್ರೆ ಅಣ್ಣ ಒಬ್ಬ ಗಿರಾಕಿ ನೋಡಿಟ್ಟಿದ್ದಾನೆ, ಕೊಟ್ಬಿಡ್ತೀನಿ."

ಕಾರು ಹೋದರೆ ಅವಳು ಈ ಬೀದಿಗೆ ಬರಲು ಬೇರೆ ಕಾರಣವಿರಲಿಲ್ಲ. ಇದು ಅವನಿಗೆ ಬುಧವಾರದ ಹೊತ್ತಿಗೆ ಹೊಳೆದಿತ್ತು.

ಆಮೇಲೆ ದಿನವೂ ಬಂದಳು. ಸ್ಟೂಲು ಎಳೆದುಕೊಂಡು ಹತ್ತಿರವೇ ಕೂತಳು. ಇದೇನು, ಅದೇನು, ಇದು ಯಾಕೆ ಹೀಗಿದೆ ಎಂದು ಕೇಳಿದಳು. ಉತ್ತರ ಹೇಳುವಾಗ ಅವನ ಮುಖವನ್ನೇ ನೋಡಿದಳು, ಒಮ್ಮೆ ನಕ್ಕಳು ಕೂಡ. ಆ ನಗುವನ್ನು ಅವನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದ.

ಈಗ ಈ ಚುಕ್ಕೆ, ಇವನ್ನೇ ಕೂರಿಸುತ್ತಾನೋ ಹಳೆಯದಕ್ಕೆ ಬದಲಾಯಿಸುತ್ತಾನೋ ಎಂದು ಹಿಡಿಯಲು ಇಟ್ಟ ಗುರುತು. ಹಾಗಾದರೆ ಅದೆಲ್ಲವೂ ಕಾವಲೇ? ಹತ್ತಿರ ಕೂತದ್ದು ಕೈಚಳಕ ಹಿಡಿಯಲು, ಮುಖ ನೋಡಿದ್ದು ಸುಳ್ಳು ಹಿಡಿಯಲು. ನಗು ಯಾವುದಕ್ಕೆ? ಅದಕ್ಕೂ ಏನೋ ಒಂದು ಲೆಕ್ಕಾಚಾರ ಇದ್ದೀತು. ಅವನು ಚುಕ್ಕೆಗಳನ್ನು ಒರೆಸಲಿಲ್ಲ.

ಶನಿವಾರ ಮಧ್ಯಾಹ್ನ ಅವಳು ಬಂದಾಗ ಅವನು ಆಗಲೇ ಚಕ್ರದ ಬಳಿ ಕೂತಿದ್ದ. ಎರಡು ಕ್ಯಾಲಿಪರನ್ನೂ ಮೇಜಿನ ಮೇಲಿದ್ದ ಕ್ರಮದಲ್ಲೇ ತಂದು ಪಕ್ಕದಲ್ಲಿ ಹಾಸಿದ ಬಟ್ಟೆಯ ಮೇಲಿಟ್ಟಿದ್ದ, ಎಡಗಡೆಯದು ಎಡಚಕ್ರಕ್ಕೆ, ಬಲಗಡೆಯದು ಬಲಚಕ್ರಕ್ಕೆ. ಚಿಕ್ಕಪ್ಪ ಕಲಿಸಿದ ಅಭ್ಯಾಸ ಅದು. ಗುರುತು ಬೇಡ, ಚೀಟಿ ಬೇಡ, ಕೈ ಚಾಚಿದರೆ ಸಾಕು. ಅವನು ಕೈ ಚಾಚಿದ. ಕಣ್ಣು ಮಾತ್ರ ಕಾರಿನ ಆಚೆ ಬದಿಯಲ್ಲಿ ನಿಂತಿದ್ದ ಎರಡು ಪಾದಗಳ ಮೇಲಿತ್ತು.

"ಮೇಡಂ, ಒಳಗೆ ಕೂತು ಪೆಡಲ್ ಒತ್ತಬೇಕು. ಪೈಪಿನಲ್ಲಿರೋ ಗಾಳಿ ತೆಗೀಬೇಕು."

ಅವಳು ಕೂತಳು. ಅವನು ಬಾಟಲಿಗೆ ಟ್ಯೂಬು ಇಳಿಬಿಟ್ಟು, ಕ್ಯಾಲಿಪರಿನಲ್ಲಿ ಗಾಳಿ ಹೊರಬಿಡುವ ಸ್ಕ್ರೂ ಸಡಿಲಿಸಿದ.

"ಒತ್ತಿ."

"ಒತ್ತಿದೆ."

"ಹಿಡ್ಕೊಳ್ಳಿ."

"ಹಿಡ್ಕೊಂಡಿದ್ದೀನಿ."

"ಬಿಡಿ."

"ಬಿಟ್ಟೆ."

ಇಷ್ಟು ವಿಧೇಯವಾಗಿ ಅವಳು ಯಾರ ಮಾತನ್ನೂ ಕೇಳಿರಲಾರಳು. ಐದು ಸಲವಾಯಿತು, ಹತ್ತು ಸಲವಾಯಿತು. ಎರಡೂ ಚಕ್ರ ಮುಗಿಸಿ ಮತ್ತೆ ಮೊದಲಿನಿಂದ ಶುರುಮಾಡಿದರು. ಪೆಡಲ್ ಗಟ್ಟಿಯಾಗಲೇ ಇಲ್ಲ.

"ಸ್ಪಂಜ್ ತುಳಿದ ಹಾಗಿದೆ." ಅವಳು ಬಾಗಿಲು ತೆಗೆದು ಇಳಿದಳು. ದನಿ ಬದಲಾಗಿತ್ತು. "ನಿಜ ಹೇಳಿ. ಸೀಲ್ ಹೊಸದೇ ಹಾಕಿದ್ರಾ?"

"ನಿಮ್ಮ ಗುರುತು ಹಾಗೇ ಇದೆ. ಬಗ್ಗಿ ನೋಡ್ಕೊಳ್ಳಿ."

ಅವಳ ಕಿವಿ ಕೆಂಪಾಯಿತು. ಮುಖ ಮಾತ್ರ ಮೊದಲಿನಂತೆಯೇ ಬಿಗಿಯಾಗಿತ್ತು.

"ನೋಡಿದ್ರಾ?"

"ನೋಡಿದೆ."

"ನಾನು ಸಾರಿ ಕೇಳಲ್ಲ. ಒಂದು ಸಲ ಮೋಸ ಹೋಗಿದ್ದೀನಿ."

"ಕೇಳಿ ಅಂತ ನಾನೆಲ್ಲಿ ಹೇಳ್ದೆ?"

ಅವಳು ಕಣ್ಣು ಕಿರಿದು ಮಾಡಿದಳು. "ಅದು ನಂದೇ ಅಂತ ಹೇಗೆ ಗೊತ್ತಾಯ್ತು? ಡ್ಯೂಟಿಯಲ್ಲಿ ನಾನು ಕೈಗೆ ಬಣ್ಣ ಹಚ್ಚಲ್ಲ."

ಅವನು ಕೈಯಲ್ಲೇ ಇದ್ದ ಸ್ಪಾನರನ್ನು ಹುಡುಕತೊಡಗಿದ. ಪೇಪರಿನ ಹಿಂದಿನಿಂದ ಚಿಕ್ಕಪ್ಪನೇ ಹೇಳಿದರು, "ನಾಲ್ಕು ದಿನದಿಂದ ಕಾರಿನ ಕೆಳಗೆ ಮಲಗಿರೋನಿಗೆ ಕಾಲುಗುರು ಬಿಟ್ಟು ಇನ್ನೇನಮ್ಮ ಕಾಣುತ್ತೆ?"

ಅವಳು ಪಾದಗಳನ್ನು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ, ಏನೂ ಕೇಳಿಸದವಳಂತೆ, ಚಕ್ರದ ಬಳಿ ಮೊಣಕಾಲೂರಿ ಕೂತಳು. ಅವಳ ಭುಜಕ್ಕೂ ಅವನ ಭುಜಕ್ಕೂ ನಡುವೆ ಒಂದು ಸ್ಪಾನರಿನಷ್ಟು ಜಾಗ.

"ಗಾಳಿ ಎಲ್ಲಿಂದ ಹೊರಗೆ ಬರ್ಬೇಕು?"

"ಈ ಸ್ಕ್ರೂ ಹತ್ರ."

"ಅದು ಕೆಳಗಿದೆಯಲ್ಲ? ಡ್ರಿಪ್ ಟ್ಯೂಬಲ್ಲಿ ಗುಳ್ಳೆ ಇದ್ರೆ ಮೇಲಕ್ಕೇ ಏರೋದು. ಕೆಳಗೆ ತೂತಿಟ್ಟು ಬಾ ಅಂದ್ರೆ ಗಾಳಿ ಬರುತ್ತಾ?"

ಅವನು ನೋಡಿದ. ಸ್ಕ್ರೂ ತಲೆಕೆಳಗಾಗಿ ನೆಲ ನೋಡುತ್ತಿತ್ತು. ಎಡದ ಕ್ಯಾಲಿಪರ್ ಬಲಕ್ಕೆ ಹೋಗಿತ್ತು, ಬಲದ್ದು ಎಡಕ್ಕೆ. ಕನ್ನಡಿಯಲ್ಲಿ ಕಂಡಂತಿರುವ ಜೋಡಿ ಅದು, ಅದಲುಬದಲಾದರೂ ಸಲೀಸಾಗಿ ಕೂರುತ್ತದೆ, ಬೋಲ್ಟೂ ಹಿಡಿಯುತ್ತದೆ. ಆದರೆ ಗಾಳಿ ಒಳಗೇ ಉಳಿಯುತ್ತದೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಮಾಡಬಹುದಾದ ತಪ್ಪು.

ಆದರೆ ಮೇಜಿನ ಮೇಲೆ ಅವನು ಸರಿಯಾಗಿಯೇ ಇಟ್ಟಿದ್ದ. ನಿನ್ನೆ ಎರಡನ್ನೂ ಎತ್ತಿ, ಗುರುತು ಹಾಕಿ, ಮತ್ತೆ ಇಟ್ಟ ಕೈ ಬೇರೆ.

ಮಾತು ನಾಲಿಗೆಯ ತುದಿಗೆ ಬಂತು. ಹೇಳಿದರೆ ಅವನು ಗೆದ್ದಂತೆ. ಪಕ್ಕದಲ್ಲಿ ಅವಳು ತುಟಿ ಕಚ್ಚಿ ಕಾಯುತ್ತಿದ್ದಳು. ಬೇರೆ ಯಾರನ್ನೂ ನಂಬದೆ ತನ್ನ ಎರಡು ಕೈಗಳನ್ನಷ್ಟೇ ನಂಬಿಕೊಂಡು ದಿನಕ್ಕೆ ಎಂಟು ಮನೆಯ ಬಾಗಿಲು ತಟ್ಟುವವಳು. ಆ ಕೈಯನ್ನೂ ಅನುಮಾನಿಸು ಎಂದು ಹೇಗೆ ಹೇಳುವುದು? ಅಲ್ಲದೆ ನೋಡಿ ಜೋಡಿಸಬೇಕಾದವನು ತಾನು. ತಾನೂ ನೋಡಿರಲಿಲ್ಲ.

"ನನ್ನ ತಪ್ಪು," ಎಂದ. "ಎಡ ಬಲ ಅದಲುಬದಲಾಗಿದೆ."

"ಎಷ್ಟು ವರ್ಷದಿಂದ ಈ ಕೆಲಸ ಮಾಡ್ತಿದ್ದೀರಿ?"

"ಹದಿನೈದು."

"ಹದಿನೈದು ವರ್ಷ! ಕಣ್ಣೆಲ್ಲಿತ್ತು?"

ಸುಳ್ಳು ಹೇಳಬಹುದಿತ್ತು. ಬಿಸಿಲು, ಸೆಕೆ, ನಿದ್ದೆಗೆಟ್ಟದ್ದು, ಏನಾದರೂ.

"ನಿಮ್ಮ ಕಡೆ ಇತ್ತು."

ಪೇಪರು ಮಗುಚುವ ಸದ್ದು ನಿಂತಿತು. ಅವಳು ಅವನ ಮುಖವನ್ನು ಒಂದು ಕಡೆಯಿಂದ ನೋಡಿದಳು, ತಲೆ ಓರೆ ಮಾಡಿ ಇನ್ನೊಂದು ಕಡೆಯಿಂದ ನೋಡಿದಳು. ಕ್ಯಾಲಿಪರನ್ನು ಹೀಗೆಯೇ ನೋಡಿರಬೇಕು.

"ಇದೂ ಮೇಲೆ ಬಣ್ಣ ಬಳಿದದ್ದಲ್ಲ ತಾನೇ?"

"ಕೆರೆದು ನೋಡಿ."

ಅವಳು ತೋರುಬೆರಳಿನಿಂದ ಅವನ ಕೆನ್ನೆಯ ಮೇಲಿದ್ದ ಗ್ರೀಸನ್ನು ನಿಜವಾಗಿಯೂ ಕೆರೆದಳು. ಬೆರಳ ತುದಿಯನ್ನು ನೋಡಿಕೊಂಡಳು. "ಗೊತ್ತಾಗ್ತಿಲ್ಲ," ಎಂದಳು. "ಇನ್ನೂ ಸ್ವಲ್ಪ ದಿನ ನೋಡ್ಬೇಕಾಗುತ್ತೆ."

ನಾಲ್ಕು ಬೋಲ್ಟು ಬಿಚ್ಚಿ, ಎಡ ಯಾವುದು ಬಲ ಯಾವುದೆಂದು ಎರಡೆರಡು ಸಲ ನೋಡಿ ಮತ್ತೆ ಕೂರಿಸಿದ. ಒತ್ತಿ, ಹಿಡ್ಕೊಳ್ಳಿ, ಬಿಡಿ. ಗುಳ್ಳೆಗಳು ಒಂದರ ಹಿಂದೊಂದು ಟ್ಯೂಬಿಗೆ ಏರಿ ಬಂದವು, ಕೊನೆಗೆ ಬರೀ ಆಯಿಲ್ ಬಂತು. ಪೆಡಲ್ ಕಲ್ಲಿನಂತಾಯಿತು.

ಐದು ಗಂಟೆಗೆ ಅವಳ ಅಣ್ಣ ಗಿರಾಕಿಯ ಜೊತೆ ಬಂದು ಬಾಗಿಲಲ್ಲಿ ನಿಂತ. "ಏನಮ್ಮ, ಕೊಡೋದೇ ತಾನೇ?"

"ಇಲ್ಲ ಕಣೋ, ಕೊಡಲ್ಲ."

"ನಿನ್ನೆ ತನಕ ಮೆಕ್ಯಾನಿಕ್‌ಗಳೆಲ್ಲ ಕಳ್ಳರು ಅಂತಿದ್ದೆ?"

"ಇವ್ರ ಮೇಲೂ ಅನುಮಾನ ಇದೆ," ಎಂದು ಅವಳು ಸ್ಟಿಯರಿಂಗ್ ಹಿಂದೆ ಕೂತಳು. ಪಕ್ಕದ ಸೀಟಿನ ಬಾಗಿಲನ್ನು ಒಳಗಿನಿಂದ ತೆಗೆದು ಅವನತ್ತ ನೋಡಿದಳು. "ಹತ್ತಿ. ಬ್ರೇಕ್ ಹಿಡೀಲಿಲ್ಲ ಅಂದ್ರೆ ಇಬ್ರೂ ಒಟ್ಟಿಗೇ ಗೋಡೆಗೆ ಹೋಗೋಣ."

ಇಳಿಜಾರಿನ ನಡುವೆ ಅವಳು ಬ್ರೇಕು ತುಳಿದಳು. ಕಾರು ಆಚೀಚೆ ವಾಲದೆ ನೇರವಾಗಿ ನಿಂತಿತು. ಅವಳು ಪೆಡಲ್ ಮೇಲಿನ ಕಾಲು ತೆಗೆಯದೆ ಬಹಳ ಹೊತ್ತು ಹಾಗೇ ಕೂತಳು.

ಅವರ ಮದುವೆಯಾಗಿ ಈಗ ಆರು ವರ್ಷ. ಮನೆಗೆ ಬಂದವರಿಗೆಲ್ಲ ಅವಳೇ ಕಥೆ ಹೇಳುತ್ತಾಳೆ: "ಹದಿನೈದು ವರ್ಷದ ಮೆಕ್ಯಾನಿಕ್ಕು, ನನ್ನ ನೋಡ್ತಾ ನೋಡ್ತಾ ಎಡದ್ದು ಬಲಕ್ಕೆ ಹಾಕಿದ್ರು! ನಾನೇ ಕಂಡುಹಿಡಿದದ್ದು." ಎಲ್ಲರೂ ನಗುತ್ತಾರೆ. ಚಿಕ್ಕಪ್ಪ ಅವನತ್ತ ಒಮ್ಮೆ ನೋಡಿ ಪೇಪರು ಬಿಡಿಸಿಕೊಳ್ಳುತ್ತಾರೆ. ಅವನೂ ನಗುತ್ತಾನೆ.

ಅದಲುಬದಲು ಮಾಡಿ ಇಟ್ಟದ್ದು ಅವಳೇ ಎಂದು ಅವನು ಒಂದು ದಿನವೂ ಹೇಳಲಿಲ್ಲ.