ಗಿಲ್ಮುಲ್ಲಾ ಮನೆಯ ಒಲೆ

ನನ್ನ ಅಕ್ಕ ಗ್ಲಾಫಿರಾ ಹನ್ನೊಂದು ವರ್ಷಗಳ ಮೇಲೆ ಕಜಾನ್‌ನ ನನ್ನ ಮನೆಯ ಬಾಗಿಲು ತಟ್ಟಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಅವಳು ಕೋಟು ಕೂಡ ಬಿಚ್ಚದೆ ಹೊಸ್ತಿಲಲ್ಲೇ ನಿಂತು ಹೇಳಿದಳು.

"ಪ್ರೋಖೋರ್, ನಿನ್ನ ಭಾವನ್ನ ಪೊಲೀಸ್ನೋರು ಎಳ್ಕೊಂಡು ಹೋದ್ರು. ಕೊಲೆ ಮಾಡಿದಾನಂತೆ. ಮಂಗಳವಾರ ದೊಡ್ಡ ಜೈಲಿಗೆ ಸಾಗಿಸ್ತಾರೆ. ಅವನ ಎದೆ ಎಂಥದ್ದು ಅಂತ ನಿಂಗೊತ್ತು, ಈ ಚಳೀಲಿ ಅಲ್ಲಿ ಒಂದು ತಿಂಗಳು ಬದುಕಲ್ಲ."

ನನಗೂ ಭಾವ ಕುಜ್ಮಾನಿಗೂ ಮಾತಿಲ್ಲ. ನಮ್ಮಪ್ಪನ ಹೆಣದ ಮುಂದೆ ಅವನು ನನ್ನನ್ನು ಕುಡುಕ ಎಂದಿದ್ದ, ನಾನು ಅವನ ಎರಡು ಹಲ್ಲು ಉದುರಿಸಿದ್ದೆ. ಅವನು ಒಲೆ ಕಟ್ಟುವವನು. ನಲವತ್ತು ವರ್ಷ ಮಸಿ ಕುಡಿದು ಎದೆ ಹಾಳಾಗಿದೆ, ನಾಲಿಗೆ ಮೊದಲಿನಿಂದಲೂ ಹಾಳು. ಆದರೂ ಅಕ್ಕನ ಮುಖ ನೋಡಲಾಗದೆ ನಾನು ಎದುರು ಮನೆಯ ಸಾಜಿದಾ ಹನೀಫೊವ್ನಾರನ್ನು ಕರೆದೆ.

ಸಾಜಿದಾ ಮೂವತ್ತೆರಡು ವರ್ಷ ಕೋರ್ಟಿನಲ್ಲಿ ತಾತಾರ್ ಮಾತನ್ನು ರಷ್ಯನ್ನಿಗೂ ರಷ್ಯನ್ ಮಾತನ್ನು ತಾತಾರ್‌ಗೂ ದಾಟಿಸಿದವರು. ನಿವೃತ್ತರಾದ ಮೇಲೆ ನಾಲ್ಕು ಪ್ರಕರಣ ಬಿಡಿಸಿದ್ದರು. ನಾಲ್ಕರಲ್ಲೂ ಅವರ ಚೀಲ ಹೊತ್ತವನು ನಾನು. ನಾನು ರಷ್ಯನ್ನನಾದರೂ ಎಲ್ಲ ತಾತಾರರಂತೆ ಅವರನ್ನು 'ಅಪಾ' ಎನ್ನುತ್ತೇನೆ, ಅಕ್ಕ ಎಂಬ ಅರ್ಥದಲ್ಲಿ. ಅವರು ಅಕ್ಕನ ಮಾತು ಪೂರ್ತಿ ಕೇಳಿ, ಒಂದು ಪ್ರಶ್ನೆಯನ್ನೂ ಕೇಳದೆ ಬೂಟಿನ ಮೇಲೆ ರಬ್ಬರಿನ ಗಲೋಷು ಹಾಕಿಕೊಂಡರು. ಅದು ಭಾನುವಾರ ಬೆಳಿಗ್ಗೆ.

ಯಾರ್‌ಬಾಷ್‌ನಲ್ಲಿ ಹುಟ್ಟಿದ್ದು ಬಿಟ್ಟರೆ ನನಗೂ ಅಕ್ಕನ ಆ ಊರಿಗೂ ಬೇರೆ ಸಂಬಂಧ ಬೇಡವೆಂದು ನಾನು ಎಂದೋ ತೀರ್ಮಾನಿಸಿದ್ದೆ. ಮಧ್ಯಾಹ್ನ ಬಸ್ಸಿಳಿದಾಗ ಊರೂ ಹಾಗೇ ತೀರ್ಮಾನಿಸಿತ್ತೆಂದು ಗೊತ್ತಾಯಿತು. ಗುಡ್ಡದ ಮೇಲೆ ಇಗರ್ಜಿ, ಕೆಳಗೆ ಎರಡು ವರ್ಷದ ಹಿಂದೆ ಮತ್ತೆ ತೆರೆದ ಮಸೀದಿ, ನಡುವೆ ಒಂದೇ ರೊಟ್ಟಿ ಅಂಗಡಿ. ಅಲ್ಲಿನ ಹೆಂಗಸು ನನ್ನನ್ನು ಗುರುತಿಸಿ ರೊಟ್ಟಿ ಮುಗಿದಿದೆ ಎಂದಳು. ಅವಳ ಬೆನ್ನ ಹಿಂದೆ ಹನ್ನೆರಡು ರೊಟ್ಟಿ ಸಾಲಾಗಿ ಕೂತಿದ್ದವು. ಅಕ್ಕನ ಮನೆಯ ಕಿಟಕಿಗೆ ಯಾರೋ ಕಲ್ಲು ಹೊಡೆದಿದ್ದರು. ಅವಳ ನೆರೆಯ ರಷ್ಯನ್ ಹೆಂಗಸು ಬೇಲಿಯಾಚೆಯಿಂದ ಅಪಾ ಅವರನ್ನು ನೋಡಿ, "ಇವಳು ಅವರ ಕಡೆಯವಳಲ್ವಾ?" ಎಂದಳು. ತಾತಾರ್ ಕೇರಿಗೆ ಕಾಲಿಟ್ಟಾಗ ಒಬ್ಬ ಮುದುಕ, "ರಷ್ಯನ್ನರ ಬಾಲ ಬಂತು," ಎಂದು ಉಗಿದ.

"ಎರಡು ಕಡೆಯಿಂದ್ಲೂ ಬೈಸ್ಕೊಂಡ್ವಿ. ಸರಿಯಾದ ದಾರೀಲೇ ಇದೀವಿ," ಎಂದರು ಅಪಾ.

ಸತ್ತವನು ಗಿಲ್ಮುಲ್ಲಾ, ಎಂಬತ್ತು ದಾಟಿದ, ಬೆನ್ನು ಬಾಗಿದ ಕುಳ್ಳ ಮುದುಕ. ಶನಿವಾರ ಬೆಳಿಗ್ಗೆ ಒಲೆಯ ಪಕ್ಕದ ಹಾಸಿಗೆಯಲ್ಲಿ ಹೆಣವಾಗಿ ಸಿಕ್ಕಿದ. ತನಿಖೆ ಮಾಡುತ್ತಿದ್ದವನು ಜಿಗರ್ಯೋವ್ ಎಂಬ ಅಧಿಕಾರಿ. ಬಂದು ಎಂಟು ತಿಂಗಳಾಗಿತ್ತು, ತಾತಾರ್ ಭಾಷೆಯಲ್ಲಿ ಬೈಗುಳ ಮಾತ್ರ ಕಲಿತಿದ್ದ. ಅವನು ಮುದ್ರೆ ಒಡೆದು ಆ ಮನೆಯೊಳಗೆ ನಮ್ಮನ್ನು ಬಿಟ್ಟದ್ದು, ಅಪಾ ಅವರ ಹೆಸರನ್ನು ಕಜಾನ್‌ನ ಯಾವುದೋ ನ್ಯಾಯಾಧೀಶರಿಂದ ಕೇಳಿದ್ದ ಕಾರಣಕ್ಕೆ.

"ನೋಡ್ಕೊಳ್ಳಿ, ಯಾವುದನ್ನೂ ಮುಟ್ಬೇಡಿ," ಎಂದ. "ಶುಕ್ರವಾರ ಸಂಜೆ ಒಲೆ ಉರೀತಿತ್ತು. ಶಾಖ ಹೊರಗೆ ಹೋಗ್ದಂಗೆ ಕೆಂಡ ಆರಿದ ಮೇಲೆ ಮುಚ್ಚೋ ಚಿಮಣಿಯ ತಗಡನ್ನ ಯಾರೋ ಮುಂಚೇನೇ ತಳ್ಳಿ ಮುಚ್ಚಿದಾರೆ. ವಿಷದ ಗಾಳಿ ಮನೇಲೇ ತುಂಬ್ಕೊಂಡು, ಮಲಗಿದೋನು ಮಲಗಿದಂಗೇ ಸತ್ತ."

"ಅವನೇ ಮರೆತು ಮುಚ್ಚಿರಬಾರದಾ?" ಎಂದೆ ನಾನು.

"ಕೈ ಎಟಕಬೇಕಲ್ಲಪ್ಪ! ತಗಡು ಅಷ್ಟು ಮೇಲಿದೆ. ಮುದುಕ ಅದನ್ನ ಎಳೀತಿದ್ದದ್ದು ಉದ್ದದ ಕಬ್ಬಿಣದ ಕೊಕ್ಕೆಯಿಂದ. ಆ ಕೊಕ್ಕೆ ಸಿಕ್ಕಿದ್ದೆಲ್ಲಿ? ನಿನ್ನ ಭಾವನ ಚೀಲದಲ್ಲಿ!"

ಒಲೆ ಹೊಸದಾಗಿತ್ತು. ಕುಜ್ಮಾ ಅದನ್ನು ಕೆಡವಿ ಕಟ್ಟಿ, ಸುಣ್ಣ ಬಳಿದಿದ್ದ. ಸುಣ್ಣದಲ್ಲಿ ತೆಳು ನೀಲಿ ಛಾಯೆ ಇತ್ತು; ಬಟ್ಟೆಗೆ ಹಾಕುವ ನೀಲಿಯನ್ನು ಬೆರೆಸಿಕೊಡುವುದು ನಮ್ಮಕ್ಕನ ಚಾಳಿ. ತಗಡಿನ ಕೆಳಗೆ, ನನ್ನ ತಲೆಗಿಂತ ಮೇಲೆ, ಒಂದು ಕಡೆ ಬಟ್ಟೆ ಉಜ್ಜಿದಂತೆ ಸುಣ್ಣ ಅಳಿಸಿತ್ತು. ಅಪಾ ಅದನ್ನು ಬಹಳ ಹೊತ್ತು ನೋಡಿದರು.

ಠಾಣೆಯಲ್ಲಿ ಕುಜ್ಮಾ ಕೆಮ್ಮುತ್ತ ಕೂತಿದ್ದ. ನನ್ನನ್ನು ನೋಡಿ ಗೋಡೆಯ ಕಡೆ ತಿರುಗಿದ. ಗೋಡೆಗೇ ಹೇಳಿದ: "ನಾನು ಹೋಗಿದ್ದು ಗುರುವಾರ. ಕೆಲಸ ಮುಗಿಸಿ, ಸುಣ್ಣ ಬಳಿದು, ತಗಡು ತೆರೆದಿಟ್ಟು ಬಂದೆ. ಹೊಸ ತಗಡಿನ ತೂತು ಚಿಕ್ಕದು, ಕೊಕ್ಕೆ ಕೂರಲ್ಲ, ಬಗ್ಗಿಸಿಕೊಡೋಣ ಅಂತ ಮನೆಗೆ ತಂದೆ. ಶುಕ್ರವಾರ ನಾನು ಮನೆಬಿಟ್ಟು ಕದಲಿಲ್ಲ. ನಂಬೋರು ನಂಬಲಿ."

"ಮುದುಕನ ಜೊತೆ ಜಗಳ ಆಡಿದಿರಂತೆ?" ಎಂದರು ಅಪಾ.

"ಆಡಿದೆ! ಮಣ್ಣು ಹಸಿ ಇದೆ, ಒಂದು ದಿನ ಕಾಯಿ ಅಂದೆ. ಚಳಿ ಅಂದ. ಹಚ್ಚಿದ್ರೆ ಸಾಯ್ತೀಯ ಮುದಿಯ ಅಂದೆ. ಬೀದಿಗೆಲ್ಲ ಕೇಳಿಸಿರುತ್ತೆ."

ಬೀದಿಗೆಲ್ಲ ಕೇಳಿಸಿತ್ತು. ಎದುರು ಮನೆಯ ಬೀಬಿನೂರ್ ಅಜ್ಜಿಗಂತೂ ಚೆನ್ನಾಗಿ ಕೇಳಿಸಿತ್ತು. ಶುಕ್ರವಾರ ಸಂಜೆ ಕುಜ್ಮಾ ಆ ಮನೆಯಿಂದ ಹೊರಬಂದದ್ದನ್ನು ಕಂಡೆ ಎಂದು ಪೊಲೀಸರ ಕಡತದಲ್ಲಿದ್ದದ್ದು ಅವಳ ಹೇಳಿಕೆ; ಅವಳೇ ಮುಖ್ಯ ಸಾಕ್ಷಿ. ನಾವು ಹೋದಾಗ ಅವಳು ನಮಗೆ ಕೂರಲು ಹೇಳಲಿಲ್ಲ. ಅವಳ ಪಕ್ಕದಲ್ಲಿ ನಿಂತಿದ್ದ ಎತ್ತರದ ಗಂಡಸು ಮುದಾರಿಸ್, ಗಿಲ್ಮುಲ್ಲಾನ ತಂಗಿಯ ಮಗ, ಊರ ಶಾಲೆಯ ಮೇಷ್ಟ್ರು. ಅಜ್ಜಿಗೆ ರಷ್ಯನ್ ಬಾರದು. ಜಿಗರ್ಯೋವ್‌ನಿಗೆ ಅವಳ ಹೇಳಿಕೆಯನ್ನು ಅನುವಾದಿಸಿಕೊಟ್ಟವನು ಇವನೇ. ಅವನ ಕಪ್ಪು ಕೋಟಿನ ಬಲತೋಳಿನ ಒಳಬದಿಯಲ್ಲಿ ಕಂಕುಳವರೆಗೂ ಬೆಳ್ಳಗೆ ಮಾಸಿತ್ತು. ಪಾಠ ಮಾಡುವವನಿಗೆ ಸೀಮೆಸುಣ್ಣ ಅಂಟುವುದು ಸಹಜ ಎಂದುಕೊಂಡೆ.

"ಮಾವ ಹೋದದ್ದು ನನಗೆ ದೊಡ್ಡ ನಷ್ಟ," ಎಂದ ಅವನು. "ಹತ್ತು ದಿನದಿಂದ ಈ ಕಡೆ ಬರೋಕೇ ಆಗಿರಲಿಲ್ಲ. ಶನಿವಾರ ಅಜ್ಜಿ ಕೂಗಿದ್ದು ಕೇಳಿ ಓಡಿ ಬಂದೆ, ಆದ್ರೆ ಒಳಗೆ ಹೋಗೋಕೆ ಧೈರ್ಯ ಬರ್ಲಿಲ್ಲ. ಅಂಗಳದಲ್ಲೇ ನಿಂತೆ. ಆಮೇಲೆ ಮುದ್ರೆ ಹಾಕಿದ್ರು."

ಅಪಾ ತಾತಾರ್‌ನಲ್ಲಿ ಅಜ್ಜಿಯನ್ನು ಕೇಳಿದರು. ಬಾಲ್ಯದಲ್ಲಿ ಆ ಕೇರಿಯಲ್ಲೇ ಆಡಿ ಬೆಳೆದ ನನಗೂ ಅರ್ಥವಾಗುತ್ತಿತ್ತು.

"ಎಷ್ಟು ಸಲ ಹೇಳಲಿ?" ಎಂದು ಅಜ್ಜಿ ರೇಗಿದಳು. "ಜುಮ್ಮಾ ಸಂಜೆ ನೋಡಿದೆ. ಸತ್ತವರ ಹೆಸರಲ್ಲಿ ಎಣ್ಣೆ ಕಾಯಿಸಿ ರೊಟ್ಟಿ ಕರೀತಿದ್ದೆ, ವಾಸನೆ ಹೊರಗೆ ಹೋಗ್ಲಿ ಅಂತ ಕಿಟಕಿ ತೆಗೆದಿದ್ದೆ. ಆ ಕುಜ್ಮಾ ಸಾಯ್ತೀಯ ಅಂತ ಕೂಗ್ಕೊಂಡು ಹೊರಗೆ ಬಂದ. ಒಂದು ಕೈಲಿ ಸುಣ್ಣದ ಬಕೆಟ್ಟು, ಇನ್ನೊಂದ್ರಲ್ಲಿ ಕೊಕ್ಕೆ. ಅವನ ನಾಯಿ ನನ್ನ ಬಾತುಕೋಳೀನ ತಿಂದಿದೆ ಅಂತ ನಾನು ಸುಳ್ಳು ಹೇಳ್ತೀನಾ? ದೇವರ ಮೇಲಾಣೆ."

"ಮಾರನೇ ದಿನ ಗಿಲ್ಮುಲ್ಲಾ ಅಣ್ಣ ಕಂಡಿದ್ರಾ?"

"ಕಂಡ. ನನ್ನ ಮಗನ ಜೊತೆ ಮಸೀದಿಗೆ ಹೋಗಿ—"

"ಅಜ್ಜಿಗೆ ಸುಸ್ತಾಗಿದೆ," ಎಂದು ಮುದಾರಿಸ್ ತಡೆದ. "ದಿನ ಎಲ್ಲ ಕಲಸಿಹೋಗಿದೆ ಅವಳಿಗೆ. ದಯವಿಟ್ಟು ಹೊರಡಿ."

ಹೊರಗೆ ಬಂದಾಗ ನಾನು ಕುಗ್ಗಿಹೋಗಿದ್ದೆ. "ಮುದುಕಿ ಸುಳ್ಳು ಹೇಳ್ತಿಲ್ಲ ಅಪಾ. ಹಾಗಾದ್ರೆ ಭಾವನೇ ಸುಳ್ಳು ಹೇಳ್ತಿದಾನೆ."

"ಇಬ್ರೂ ಸತ್ಯ ಹೇಳ್ತಿದಾರೆ. ನೀನು ಇಲ್ಲೇ ಹುಟ್ಟಿದ್ದು ದಂಡ ಕಣೋ," ಎಂದು ಅವರು ಮುಂದೆ ನಡೆದರು. ಆ ಸಂಜೆ ಅವರು ಒಬ್ಬರೇ ಮಸೀದಿಗೆ ಹೋಗಿ ಮುಲ್ಲಾನನ್ನು ಕಂಡು ಬಂದರು. ಏನು ಕೇಳಿದರೆಂದು ನನಗೆ ಹೇಳಲಿಲ್ಲ.

ಸೋಮವಾರ ಮಧ್ಯಾಹ್ನ ಎಲ್ಲರೂ ಗಿಲ್ಮುಲ್ಲಾನ ಮನೆಯಲ್ಲಿ ಸೇರಿದರು. ತಣ್ಣಗಿದ್ದ ಒಲೆಯ ಒಂದು ಪಕ್ಕ ಬೀಬಿನೂರ್ ಮತ್ತು ಮುದಾರಿಸ್, ಇನ್ನೊಂದು ಪಕ್ಕ ಅಕ್ಕ ಮತ್ತು ಕೈಕೋಳ ತೊಟ್ಟ ಕುಜ್ಮಾ. ಅಕ್ಕ ಹಾಲು ಬೆರೆಸಿದ ಚಹಾ ತಂದಿದ್ದಳು. ಆ ಕಡೆಯವರು ಯಾರೂ ಮುಟ್ಟಲಿಲ್ಲ.

ಅಪಾ ಮೊದಲು ಮುದಾರಿಸ್‌ನ ಕಡೆ ತಿರುಗಿ ತಾತಾರ್‌ನಲ್ಲಿ ಮೆತ್ತಗೆ ಕೇಳಿದರು: "ಮೇಷ್ಟ್ರೇ, ನಿಮ್ಮ ತಾಯಿ ತೀರಿಹೋಗಿ ಒಂದು ವರ್ಷ ಆಯ್ತಂತೆ. ಅವರ ಹೆಸರಲ್ಲಿ ಎಣ್ಣೆ ಕಾಯಿಸ್ತೀರಾ?"

"ತಪ್ಪಿಸಲ್ಲ. ಪ್ರತಿ ಜುಮ್ಮಾ ಸಂಜೆ," ಎಂದ ಅವನು ಸ್ವಲ್ಪ ಜಂಬದಿಂದ.

"ಕಳೆದ ವಾರಾನೂ?"

"ಕಳೆದ ವಾರಾನೂ. ಎಣ್ಣೆ ಕಾಯಿಸಿ, ದುವಾ ಓದಿಸಿ, ಅಲ್ಲಿಂದ ಶಾಲೆಯ ಪೋಷಕರ ಸಭೆಗೆ ಹೋದೆ."

ಅಪಾ ಅದನ್ನು ರಷ್ಯನ್ನಿನಲ್ಲಿ ಜಿಗರ್ಯೋವ್‌ನಿಗೆ ಹೇಳಿದರು: "ಶುಕ್ರವಾರ ಸಂಜೆ ಎಣ್ಣೆ ಕಾಯಿಸಿ ಪೋಷಕರ ಸಭೆಗೆ ಹೋದರಂತೆ."

ಜಿಗರ್ಯೋವ್ ಹುಬ್ಬು ಗಂಟಿಕ್ಕಿದ. "ಅದೆಂಗೆ? ನನ್ನ ಮಗಳು ಅಲ್ಲೇ ಓದೋದು, ನಾನೂ ಆ ಸಭೇಲಿದ್ದೆ. ಸಭೆ ನಡೆದಿದ್ದು ಗುರುವಾರ!"

ಮುದಾರಿಸ್ ಬಾಗಿಲ ಕಡೆ ನೋಡಿದ.

"ಹೌದು, ಗುರುವಾರ," ಎಂದರು ಅಪಾ. "ಸೂರ್ಯ ಮುಳುಗಿದ ಕೂಡ್ಲೆ ನಮ್ಮ ಹಿರಿಯರಿಗೆ ಮಾರನೇ ದಿನ ಶುರುವಾಗುತ್ತೆ. ಜುಮ್ಮಾ ಸಂಜೆ ಅಂದ್ರೆ ಜುಮ್ಮಾದ ಹಿಂದಿನ ಸಂಜೆ, ನಿಮ್ಮ ಲೆಕ್ಕದ ಗುರುವಾರ. ಸತ್ತವರಿಗೆ ಎಣ್ಣೆ ಕಾಯಿಸೋದು ಆವತ್ತೇ. ಅಜ್ಜಿ ನೋಡಿದ್ದನ್ನೇ ಹೇಳಿದಾಳೆ. ಕುಜ್ಮಾ ಕೈಲಿ ಸುಣ್ಣದ ಬಕೆಟ್ಟಿತ್ತು ಅಂದ್ಳು. ಉರಿಯೋ ಒಲೆಗೆ ಯಾರಾದ್ರೂ ಸುಣ್ಣ ಬಳೀತಾರಾ? ಮಾರನೇ ದಿನ ಗಿಲ್ಮುಲ್ಲಾ ಮಸೀದಿಗೆ ಹೋದ ಅಂದ್ಳು. ಜುಮ್ಮಾ ನಮಾಜು ಶುಕ್ರವಾರ ತಾನೇ? ಹೇಳಿಕೇಲಿ ಎಲ್ಲ ಸರಿಯಾಗೇ ಇತ್ತು. ಅನುವಾದದಲ್ಲಿ ಒಂದು ದಿನ ಮುಂದೆ ಹೋಯ್ತು."

"ಅದು ನನ್ನ ಬಾಯ್ತಪ್ಪು," ಎಂದ ಮುದಾರಿಸ್. "ರಷ್ಯನ್ನಲ್ಲಿ ಹಾಗೇ ಬಂತು. ಬಾಯ್ತಪ್ಪು ಕೊಲೆಯಾಗುತ್ತಾ?"

"ಕುಜ್ಮಾ ಗುರುವಾರ ಗುರುವಾರ ಅಂತ ಬಡ್ಕೊಂಡಾಗಲೂ ನಿಮಗೆ ಹೊಳೀಲಿಲ್ವಾ? ವಾರವಾರ ಎಣ್ಣೆ ಕಾಯಿಸೋರಿಗೆ?" ಅಪಾ ಅವರ ದನಿ ಏರಿತು. "ಸರಿ, ಅದು ಬಿಡಿ. ತಗಡಿನ ಕೆಳಗೆ ಸುಣ್ಣ ಅಳಿಸಿದೆ. ಕೊಕ್ಕೆ ಇಲ್ಲದೆ ಕೈ ಚಾಚಿ ಮುಚ್ಚಿದ ಎತ್ತರದ ಮನುಷ್ಯನ ತೋಳು ಉಜ್ಜಿದ್ದು ಅದು. ಕುಜ್ಮಾ ಆಗಿದ್ರೆ ಕೊಕ್ಕೆ ಅವನ ಹತ್ರಾನೇ ಇತ್ತಲ್ಲ, ಅದನ್ನ ಬಿಟ್ಟು ತಾನೇ ಬಳಿದ ಸುಣ್ಣಕ್ಕೆ ಯಾಕೆ ಮೈ ಉಜ್ತಿದ್ದ? ಪ್ರೋಖೋರ್, ಕರವಸ್ತ್ರ ಒದ್ದೆ ಮಾಡು."

ನಾನು ಒದ್ದೆ ಮಾಡಿ ಕೊಟ್ಟೆ. ಮುದಾರಿಸ್ ಬಾಗಿಲ ಕಡೆ ಸರಿಯುವಷ್ಟರಲ್ಲಿ ಜಿಗರ್ಯೋವ್ ಅವನ ಭುಜ ಹಿಡಿದ. ಅಪಾ ಕರವಸ್ತ್ರವನ್ನು ಕೋಟಿನ ತೋಳಿನ ಒಳಹೊಲಿಗೆಗೆ ಒತ್ತಿ ಹಿಡಿದು, ಬಿಡಿಸಿ, ಎಲ್ಲರಿಗೂ ತೋರಿಸಿದರು. ಬಿಳಿ ಬಟ್ಟೆಯ ಮೇಲೆ ನೀಲಿ ಇಳಿದಿತ್ತು.

"ಸೀಮೆಸುಣ್ಣ ನೀಲಿ ಬಿಡಲ್ಲ. ನೀಲಿ ಹಾಕಿ ಕಲಸಿದ್ದು ಗ್ಲಾಫಿರಾ, ಬಳಿದಿದ್ದು ಗುರುವಾರ. ಹತ್ತು ದಿನದಿಂದ ಈ ಮನೆ ಮೆಟ್ಟಿಲು ಹತ್ತದೋರ ಕಂಕುಳಿಗೆ ಅದು ಹೇಗೆ ಬಂತು ಮೇಷ್ಟ್ರೇ? ಮುಲ್ಲಾನೇ ಹೇಳಿದ್ರು, ಇವತ್ತು ಸೋಮವಾರ ನಿಮ್ಮ ಮಾವ ಈ ಮನೇನ ಹುಡುಗಿಯರ ಮದರಸಾಗೆ ಬರೆದುಕೊಡೋರಿದ್ರಂತೆ."

ಮುದಾರಿಸ್ ಆಗ ನಮ್ಮ ಯಾರನ್ನೂ ನೋಡಲಿಲ್ಲ, ಮನೆಯ ತೊಲೆಗಳನ್ನು ನೋಡಿದ. "ನಮ್ಮಮ್ಮ ಈ ಕೋಣೇಲೇ ಹುಟ್ಟಿದ್ಲು," ಎಂದ. "ಸಾಯೋವಾಗ ಇಲ್ಲಿಗೆ ಕರ್ಕೊಂಡು ಹೋಗು ಅಂತ ಬೇಡ್ಕೊಂಡ್ಲು. ಮಾವ ಬಾಗಿಲು ತೆಗೀಲಿಲ್ಲ. ಬೇರೆಯವರ ಮಕ್ಕಳಿಗೆ ಮಾತ್ರ ತೆಗೀತಾನಂತೆ! ಅವನು ಗೊರಕೆ ಹೊಡೀತಿದ್ದ. ಕೈ ಎತ್ತಿದೆ, ತಳ್ಳಿದೆ. ಅಷ್ಟೇ."

ಬೀಬಿನೂರ್ ಅಜ್ಜಿ ಕೋಲೂರಿ ಎದ್ದು ಅವನ ಮುಂದೆ ಹೋಗಿ ನಿಂತಳು. "ನಾನು ದೇವರ ಮೇಲೆ ಆಣೆ ಇಟ್ಟು ಹೇಳಿದ ಮಾತು ಅದು," ಎಂದಳು. "ಅದನ್ನ ತಗೊಂಡು ನೀನು ಒಬ್ಬನ್ನ ಕೊಲ್ಲೋಕೆ ಹೊರಟೆಯಾ?" ನನಗೆ ನಾಚಿಕೆಯಾಯಿತು. ಆ ಕೇರಿಯ ಜುಮ್ಮಾ ಸಂಜೆಗಳಲ್ಲಿ ಕರಿದ ರೊಟ್ಟಿ ತಿಂದು ಬೆಳೆದ ನಾನೂ ಭಾವನನ್ನು ನಂಬದಿರಲು ಒಂದು ನೆಪ ಹುಡುಕುತ್ತಿದ್ದೆ.

ಕೈಕೋಳ ಒಬ್ಬನಿಂದ ಇನ್ನೊಬ್ಬನಿಗೆ ಹೋಯಿತು. ಕುಜ್ಮಾ ಮಣಿಕಟ್ಟು ತಿಕ್ಕುತ್ತ ಅಂಗಳಕ್ಕೆ ಬಂದು ನನ್ನ ಮುಂದೆ ನಿಂತ.

"ನೀನ್ಯಾಕೆ ಬಂದೆ?"

"ಅಕ್ಕನಿಗೋಸ್ಕರ."

"ನಂಗೊತ್ತು," ಎಂದ. ಸ್ವಲ್ಪ ಹೊತ್ತು ಕೆಮ್ಮಿ, "ನಿನ್ನ ಕೈ ಈಗ್ಲೂ ಅಷ್ಟೇ ಭಾರ ಇದೆಯೇನೋ?" ಎಂದು ಹಲ್ಲಿಲ್ಲದ ಸಂದು ತೋರಿಸಿದ. ಅದು ಹನ್ನೊಂದು ವರ್ಷಗಳಲ್ಲಿ ಅವನು ನನ್ನ ಜೊತೆ ನಡೆಸಿದ ಮೊದಲ ಮಾತುಕತೆ. ಅಕ್ಕ ಶಾಲನ್ನು ಬಾಯಿಗೆ ಒತ್ತಿಕೊಂಡು ಅತ್ತಳು.

ನಾವು ಬೀದಿ ದಾಟುವಾಗ ಬೀಬಿನೂರ್ ತನ್ನ ಗೇಟಿನಲ್ಲಿ ನಿಂತಿದ್ದಳು. ಸುತ್ತಲ ಮನೆಗಳ ಕಿಟಕಿಗಳಲ್ಲಿ ಮುಖಗಳಿದ್ದವು, ಒಂದರಲ್ಲೂ ನಗುವಿರಲಿಲ್ಲ.

"ಏ ಕುಜ್ಮಾ!" ಎಂದು ಅವಳು ತಾತಾರ್‌ನಲ್ಲಿ ಕೂಗಿದಳು. "ನಮ್ಮನೆ ಒಲೆ ಹೊಗೆ ಕಾರ್ತಿದೆ."

"ಐದು ವರ್ಷದಿಂದ ಕಾರ್ತಿದೆ. ನನ್ನ ಮುಖ ನೋಡಲ್ಲ ಅಂದಿದ್ದೆಯಲ್ಲ ಮುದುಕಿ," ಎಂದ ಅವನು, ಅವಳ ಭಾಷೆಯಲ್ಲೇ.

"ಮುಖ ಯಾರಿಗೆ ಬೇಕು? ಒಲೆ ನೋಡು."

ಕುಜ್ಮಾ ಅವಳ ಚಿಮಣಿಯ ಕಡೆ ಕತ್ತೆತ್ತಿ ನೋಡಿದ. "ಶುಕ್ರವಾರ ಸಂಜೆ ಬರ್ತೀನಿ."

ಅಜ್ಜಿ ಗೇಟಿನ ಅಗುಳಿ ಹಿಡಿದುಕೊಂಡು ಕೇಳಿದಳು: "ಯಾರ ಶುಕ್ರವಾರ? ನಂದೋ, ನಿಂದೋ?"

ಅವನು ಬೆರಳಲ್ಲಿ ದಿನ ಎಣಿಸಿದ.

"ನಿಂದೇ," ಎಂದ. "ರೊಟ್ಟಿ ಕರಿದಿಟ್ಟಿರು."