ತಕರಾರು ಮಾಡದ ಯಂತ್ರ

ಬಾಗಿಲು ತೆರೆದಿದ್ದಾಗಲೇ ಲಿಫ್ಟ್ ಮೇಲಕ್ಕೆ ಹೊರಟುಬಿಟ್ಟಿತ್ತು. ಒಳಗೆ ಅರ್ಧ ಮೈ ಹಾಕಿ ದೀಪ ಬದಲಿಸುತ್ತಿದ್ದ ಮೆಕ್ಯಾನಿಕ್‌ನ ತೋಳು ನುಜ್ಜುಗುಜ್ಜಾಗಿತ್ತು. ಅತ್ತೆ ಮತ್ತು ನಾನು ಆ ಲಿಫ್ಟ್ ಕಾರ್ಖಾನೆ ತಲುಪುವ ಹೊತ್ತಿಗೆ ನೆಲ ತೊಳೆದಿದ್ದರು. ಹೊಸ್ತಿಲ ಸಂದಿಯಲ್ಲಿ ಮಾತ್ರ ಕೆಂಪು ಉಳಿದಿತ್ತು.

ಅತ್ತೆಯನ್ನು ಕರೆಸಿದ್ದವಳು ಲಿಫ್ಟಿನ ತಂತ್ರಾಂಶ ಪರೀಕ್ಷಿಸುವವಳು. "ಬಾಗಿಲಿನ ಪರೀಕ್ಷೆ ಬರೆದಿದ್ದು ನಾನೇ ಮೇಡಂ. ಅದು ಫೇಲಾದ್ರೆ ತಂತ್ರಾಂಶ ತಯಾರಾಗಲೇಬಾರದು. ಸಂಜೆಯೊಳಗೆ ನನ್ನನ್ನ ಪೊಲೀಸರಿಗೆ ಒಪ್ಪಿಸ್ತಾರಂತೆ."

"ಪರೀಕ್ಷೇನೇ ತಪ್ಪು ಬರೆದಿದ್ದಾಳೆ," ಎಂದರು ಮುಖ್ಯ ಎಂಜಿನಿಯರ್. "ತಂತ್ರಾಂಶ ತಯಾರಿಸೋ ಹೊಸ ಕಂಪ್ಯೂಟರ್ ಯಂತ್ರ ಬಂದಾಗ, ಪರೀಕ್ಷೆಗಳನ್ನ ನಡೆಸೋ ಹಳೇ ಸ್ಕ್ರಿಪ್ಟನ್ನ ಅದರಲ್ಲಿ ಓಡಿಸಿದ್ದು ನಾನು. ಒಂದಕ್ಷರ ಮುಟ್ಟಲಿಲ್ಲ. ಯಂತ್ರ ತಕರಾರೇ ಮಾಡಲಿಲ್ಲ."

"ತಕರಾರು ಮಾಡದವರ ಮೇಲೇ ನನಗೆ ಅನುಮಾನ. ಮನೇಲಿ ಇವನೊಬ್ಬ ಇದ್ದಾನೆ," ಎಂದು ಅತ್ತೆ ನನ್ನ ಕಡೆ ಬೆರಳು ತೋರಿಸಿದಳು. ದೊಡ್ಡ ಕಂಪ್ಯೂಟರುಗಳನ್ನು ಸಾಕಿ ನಿವೃತ್ತಳಾದವಳು ಅವಳು. ಅವಳ ಚೀಲ ಹೊರುವವನು ನಾನು.

ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೇ ಯಂತ್ರದಲ್ಲಿ ಅತ್ತೆ ಅದೇ ತಂತ್ರಾಂಶ ತಯಾರಿಸಿ ನೋಡಿದಳು. ಬಾಗಿಲಿನ ಪರೀಕ್ಷೆಯಲ್ಲೇ ನಿಂತಿತು. ಹೊಸದರಲ್ಲಿ ವೈಫಲ್ಯದ ಸಾಲು ಸರ್ರನೆ ಮೇಲೆ ಜಾರಿ, ಕೊನೆಗೆ 'ಯಶಸ್ವಿ' ಎಂದು ಬಂತು. ಹಳೇ ಯಂತ್ರದ ಸ್ಕ್ರಿಪ್ಟನ್ನೇ ಹೊಸದಕ್ಕೆ ತಂದು ಓಡಿಸಿದಳು. ಶುರುವಿನಲ್ಲೇ ಮುಗ್ಗರಿಸಿತು.

ಎಲ್ಲರನ್ನೂ ಕೂರಿಸಿದಳು.

"ಪರೀಕ್ಷೆಯ ಫಲಿತಾಂಶ ಅದನ್ನ ಬರೆದಿಡೋ ಇನ್ನೊಂದು ಪ್ರೋಗ್ರಾಮಿಗೆ ಹೋಗುತ್ತೆ. ಸ್ಕ್ರಿಪ್ಟನ್ನ ಓದಿ ನಡೆಸೋದು ಶೆಲ್. ಗೆಲುವೋ ಸೋಲೋ ಅಂತ ಅದು ಕೇಳೋದು ಸಾಲಿನ ಕೊನೆಯವನನ್ನ ಮಾತ್ರ. ಅವನು 'ಬರೆದಾಯ್ತು' ಅಂದ್ರೆ ಮುಗೀತು. ಮೊದಲನೆಯವನು ಸತ್ತು ಬಿದ್ದಿದ್ರೂ ಲೆಕ್ಕಕ್ಕಿಲ್ಲ. ಅದಕ್ಕೇ ಸ್ಕ್ರಿಪ್ಟಿನ ಮೇಲ್ಗಡೆ ಒಂದು ಆಜ್ಞೆ ಇತ್ತು: ಯಾರೇ ಬಿದ್ದರೂ ನಿಲ್ಲು. ಹಳೇ ಯಂತ್ರದ ಶೆಲ್ ಬ್ಯಾಶ್, ಅದಕ್ಕೆ ಅರ್ಥವಾಗುತ್ತೆ. ಇಲ್ಲಿ ಬ್ಯಾಶ್ ಇದ್ರೂ, ಅದೇ ಬೇಕು ಅಂತ ಹೇಳದಿದ್ರೆ ಓಡೋದು ಬೇರೆ ಶೆಲ್. ಆ ಆಜ್ಞೆ ಕಂಡ ಕೂಡಲೇ ಬಾಯಿ ಬಡ್ಕೊಳ್ತು, ನೋಡಿದ್ರಲ್ಲ? ಸಾರ್, ನಿಮ್ಮ ಕೈಯಲ್ಲಿ ಮಾತ್ರ ಹೇಗೆ ಸುಮ್ಮನಿತ್ತು?"

ಎಂಜಿನಿಯರ್ ಕನ್ನಡಕ ತೆಗೆದರು. "ಆ ಸಾಲು ಕಿತ್ತುಹಾಕಿದೆ. ಓಡಿತು. ಮೇಲಿನವರಿಗೆ ಓಡಿದ್ದಷ್ಟೇ ಬೇಕಿತ್ತು."

"ಬಾಗಿಲಿನ ತಪ್ಪನ್ನ ಇವಳ ಪರೀಕ್ಷೆ ಹಿಡಿದಿತ್ತು. ಅದರ ಬಾಯಿಗೆ ಬಟ್ಟೆ ತುರುಕಿದ್ದು ನೀವು."

ಅತ್ತೆ ಆ ಸಾಲನ್ನು ಮತ್ತೆ ಸೇರಿಸಿ, ಇದನ್ನು ಬ್ಯಾಶೇ ಓಡಿಸಬೇಕೆಂದು ಸ್ಕ್ರಿಪ್ಟಿನ ತಲೆಯಲ್ಲಿ ಬರೆದಳು. ಈ ಸಲ ಹೊಸ ಯಂತ್ರವೂ ಬಾಗಿಲಿನ ಪರೀಕ್ಷೆಯಲ್ಲಿ ನಿಂತಿತು.

ಆದರೆ ಆರೋಪದಿಂದ ಪಾರಾದವಳ ಮುಖ ಬಿಳಿಚಿಕೊಂಡಿತ್ತು. "ಸಾರ್, ಬೆಳಿಗ್ಗೆ ಆಸ್ಪತ್ರೆ ಲಿಫ್ಟಿಗೆ ಹಾಕಿದ ತಂತ್ರಾಂಶ?"

ಅವರು ತಲೆ ತಗ್ಗಿಸಿದರು. "ಇದೇ."

ಅವಳು ಆಸ್ಪತ್ರೆಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದಳು. ಮೇಲಿನ ಮಹಡಿಯ ಕಾವಲುಗಾರ ಎತ್ತಿದ. "ಇಲ್ಲಿ ಸರಿಯಾಗಿ ಕೇಳಿಸ್ತಿಲ್ಲಮ್ಮಾ. ಲಿಫ್ಟ್ ಬಂದಿದೆ, ಕೆಳಗಿಳಿದು ಮಾತಾಡ್ತೀನಿ."

"ಹತ್ತಬೇಡಣ್ಣಾ! ಯಾರನ್ನೂ ಹತ್ತಿಸಬೇಡ! ಬಾಗಿಲ ಹೊರಗೇ ಅಡ್ಡ ನಿಂತ್ಕೋ!"

ಆ ಕಡೆ ಗರಗರ ಸದ್ದು. ಆಮೇಲೆ ಏನೂ ಇಲ್ಲ. "ಯಾಕಮ್ಮಾ?" ಎಂದು ಅವನು ಕೇಳುವವರೆಗೆ ನಾವು ಯಾರೂ ಉಸಿರಾಡಲಿಲ್ಲ.